ತಿಮ್ಮವ್ವನ ಬೋಟಿಗೆ ಮೀನಿನ ಟೀವಿ

ವಾಣಿಶ್ರೀಗೆ ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಕೂಡಿಸಲು ಬರುವುದಿಲ್ಲ ಎಂಬುದು ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಅಡ್ಡರಸ್ತೆಗೆಲ್ಲ ಗೊತ್ತಿರುವ ಸಂಗತಿ. (ಬರುತ್ತದೆ.) ಸಂಪಿನ ಮೋಟಾರು ಚಾಲೂ ಮಾಡಲು, ಫ್ಯೂಸು ಹಾಕಲು, ಬ್ಯಾಂಕಿನ ಚಲನ್ ತುಂಬಲು ಕೂಡ ಅವಳಿಗೆ ಬರುವುದಿಲ್ಲ. (ಎಲ್ಲವೂ ಬರುತ್ತದೆ.) ಬರುವುದಿಲ್ಲ ಎಂದು ಹೇಳುವುದನ್ನು ಅವಳಿಗೆ ಕಲಿಸಿದ್ದು ಮದುವೆಯಾದ ಎಂಟನೆಯ ದಿನ.

ಆ ದಿನ ಗಂಡನ ಮನೆಗೆ ಹರಪನಹಳ್ಳಿ ಕಡೆಯ ನೆಂಟರು ಬಂದಿದ್ದರು. ಹೊಸ ಸೊಸೆ ಹುರುಪಿನಲ್ಲಿ ಒಬ್ಬಳೇ ಕೂತು ಅರವತ್ತು ಜೋಳದ ರೊಟ್ಟಿ ಬಡಿದಳು. ಒಂದೂ ಹರಿಯಲಿಲ್ಲ, ಒಂದೂ ಸೀಯಲಿಲ್ಲ. "ರೊಟ್ಟಿ ಅಂದ್ರೆ ನಮ್ಮ ವಾಣಿ ಕೈಯಾಂದು" ಎಂದು ಅತ್ತೆ ಎಲ್ಲರೆದುರು ಸಾರಿದರು. ಅದು ಹೊಗಳಿಕೆಯಲ್ಲ, ನೇಮಕಾತಿ ಆದೇಶ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ತಿಂಗಳು ಕಳೆದಿತ್ತು. ಅತ್ತೆ ತೀರಿಕೊಂಡು ಹತ್ತು ವರ್ಷವಾದರೂ ಆದೇಶ ಜಾರಿಯಲ್ಲಿದೆ. ರಜೆಯಿಲ್ಲ, ವರ್ಗಾವಣೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಯಾವ ಕೆಲಸವನ್ನಾದರೂ ಒಮ್ಮೆ ಚೆನ್ನಾಗಿ ಮಾಡಿಬಿಟ್ಟರೆ ಅದು ಜನ್ಮಕ್ಕೆ ಅಂಟಿಕೊಳ್ಳುತ್ತದೆ ಎಂಬ ಈ ಮಹಾಸತ್ಯವನ್ನು ಜಗತ್ತಿನಲ್ಲಿ ತಾನೊಬ್ಬಳೇ ಕಂಡುಕೊಂಡದ್ದು ಎಂದು ಅವಳು ನಂಬಿದ್ದಳು.

ಗಂಡ ಬಕ್ಕೇಶಪ್ಪನಿಗೆ ಅಡಿಗೆ ಬರುವುದಿಲ್ಲ. (ಇಲ್ಲಿ ಕಂಸದೊಳಗೆ ಹಾಕಲು ಏನೂ ಇಲ್ಲವೆಂದೇ ಅವಳು ತಿಳಿದಿದ್ದಳು.) ಮದುವೆಯಾದ ವರ್ಷ, ಅತ್ತೆ ಊರಲ್ಲಿಲ್ಲದ ಹೊತ್ತಿನಲ್ಲಿ ಅವಳು ಜ್ವರ ಬಂದು ಮಲಗಿದ್ದಾಗ ಅವನು ಒಂದೇ ಒಂದು ಸಲ ಉಪ್ಪಿಟ್ಟು ಮಾಡಿದ್ದ. ಅದನ್ನು ಓಣಿಯ ನಾಯಿಗೆ ಹಾಕಿದರೆ, ನಾಯಿ ಒಂದು ತುತ್ತು ತಿಂದು ನೀರು ಹುಡುಕಿಕೊಂಡು ಹೋದದ್ದು ಮೂರು ದಿನ ತಿರುಗಿ ಬರಲಿಲ್ಲ. ಅಂದೇ ಅವಳು ಜ್ವರದಲ್ಲೇ ಎದ್ದು, "ನಿಮ್ಮ ಕಾಲಿಗೆ ಬೀಳ್ತೀನ್ರಿ, ಇನ್ನ ಮ್ಯಾಲೆ ಅಡಿಗೆಮನಿಗೆ ಕಾಲಿಡಬ್ಯಾಡ್ರಿ" ಎಂದಿದ್ದಳು. ಮೂವತ್ತೊಂದು ವರ್ಷ ಅವನು ಆ ಮಾತು ಮೀರಿಲ್ಲ. ಇಷ್ಟು ವಿಧೇಯ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ?

ಬಕ್ಕೇಶಪ್ಪನದು ಟೀವಿ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಾಲಕ್ಕೆ ಎಸ್.ಎಸ್. ಬಡಾವಣೆಯಿಂದಲೂ ಟೀವಿಗಳು ಆಟೋದಲ್ಲಿ ಕೂತು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಈಗ ಟೀವಿ ಕೆಟ್ಟರೆ ಜನ ಗೋಡೆಯ ಅಳತೆ ಹಿಡಿದು ಹೊಸದು ತರಲು ಹೋಗುತ್ತಾರೆ. ಅವನ ಪಾಲಿಗೆ ಉಳಿದದ್ದು ರಿಮೋಟಿನ ಗುಂಡಿ, ಮಿಕ್ಸರಿನ ಬುಷ್. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತುತ್ತಾನೆ, ಒಂದು ಹಳೆಯ ರೇಡಿಯೊ ಒರೆಸುತ್ತಾನೆ; ಹನ್ನೊಂದಕ್ಕೆ ಅದೇ ರೇಡಿಯೊವನ್ನು ಮತ್ತೆ ಒರೆಸುತ್ತಾನೆ. ಇತ್ತೀಚೆಗೆ ಅವನು "ಊಟಕ್ಕೇನೈತೆ?" ಎಂದು ಕೇಳುವುದನ್ನೂ ಬಿಟ್ಟಿದ್ದ. ಅದು ವಾಣಿಶ್ರೀಗೆ ಒಳಗೊಳಗೇ ಕೊರೆಯುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಹರಿಹರದಿಂದ ತಿಮ್ಮವ್ವ ಬಂದಳು. ಟೆಂಪೊದಲ್ಲಿ ಅವಳ ಬೋಟೂ ಬಂತು.

ತಿಮ್ಮವ್ವ ತುಂಗಭದ್ರೆಯಲ್ಲಿ ಮೀನು ಹಿಡಿಯುವವಳು. ಗಂಡ ಸತ್ತ ಮೇಲೆ ಹುಟ್ಟು ತಾನೇ ಹಿಡಿದವಳು. ಬಕ್ಕೇಶಪ್ಪ ಮದುವೆಗೆ ಮುಂಚೆ ಆರು ವರ್ಷ ಹರಿಹರದಲ್ಲಿ ರೂಮು ಮಾಡಿಕೊಂಡು ರೇಡಿಯೊ ಕೆಲಸ ಕಲಿತಿದ್ದ. ಆಗಿನಿಂದ ಅವಳ ಮನೆಯ ರೇಡಿಯೊ, ಆಮೇಲೆ ಟೀವಿ, ಎಲ್ಲದಕ್ಕೂ ಅವನೇ ವೈದ್ಯ. ಅವಳು ಸೆರಗಿನೊಳಗಿಂದ ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಅಂಗೈಯಗಲದ ಒಂದು ಪರದೆ, ಉದ್ದನೆಯ ವೈರು, ವೈರಿನ ತುದಿಗೆ ಸಾಬೂನಿನಷ್ಟು ದಪ್ಪದ ಕರಿ ಬಿಲ್ಲೆ.

"ಮೀನಿನ ಟೀವಿ ಬಕ್ಕೇಶಣ್ಣ. ಮಲ್ಪೆಯಾಗಿರೋ ಅಳಿಯ ತಂದುಕೊಟ್ಟಾನೆ. ನೀರಾಗೆ ಮೀನು ಎಲ್ಲೈತೆ ಅಂತ ಇದರಾಗೆ ಕಾಣ್ತೈತಂತೆ. ಕೂಡ್ಸಿಕೊಡು. ಆದ್ರೆ ನನ್ನ ಬೋಟಿಗೆ ಸೂಜಿಯಷ್ಟು ತೂತು ಬಿದ್ರೂ ನಾನು ಸುಮ್ನಿರಾಕಿ ಅಲ್ಲ."

"ತೂತು ಯಾಕ ಬೇಕು ತಿಮ್ಮವ್ವ? ಈ ಬಿಲ್ಲೇನ ತಳದ ಒಳಗಿಂದನೇ ಅಂಟಿಸ್ತೀನಿ. ಇದು ಶಬ್ದ ಕಳಿಸ್ತೈತೆ. ಶಬ್ದ ಫೈಬರ್ ದಾಟಿ ನೀರಿಗಿಳಿದು, ಮೀನಿಗೆ ಬಡಿದು ತಿರುಗಿ ಬರ್ತೈತೆ. ವಿಜ್ಞಾನ!"

"ಅದೇನ್ ಜ್ಞಾನಾನೋ. ಸೋಮವಾರ ಬೆಳಗ್ಗೆ ಬೋಟು ನೀರಾಗಿರ್ಬೇಕು, ನನ್ನ ಹೊಟ್ಟೆಪಾಡು ಅದು. ಇದು ಚಲೋ ನಡೀತು ಅಂದ್ರೆ ನಮ್ಮ ಸಂಘದ ಉಳಿದ ಹನ್ನೊಂದು ಬೋಟಿನೋರೂ ನಿನ್ನ ಹತ್ರನೇ ಬರ್ತಾರೆ."

ಹನ್ನೊಂದು ಬೋಟು! ಬಕ್ಕೇಶಪ್ಪನ ಮುಖ ಹಳೆಯ ಟ್ಯೂಬ್‌ಲೈಟಿನಂತೆ ಎರಡು ಸಲ ಮಿಣುಕಿ ಆಮೇಲೆ ಪೂರ್ತಿ ಹತ್ತಿತು. ಬಾಗಿಲಲ್ಲಿ ನಿಂತಿದ್ದ ವಾಣಿಶ್ರೀ ಅದನ್ನು ನೋಡಿದಳು. ಆ ದೀಪ ಆರಬಾರದು ಅಂದುಕೊಂಡಳು. ಅಂದುಕೊಂಡದ್ದನ್ನು ಹೇಳದೆ, "ಈ ಬೋಟನ್ನ ಎಲ್ಲಿ ಇಡ್ತೀರಿ? ನನ್ನ ತಲಿ ಮ್ಯಾಲಾ?" ಎಂದಳು.

ಬೋಟು ಅರ್ಧ ಗೇಟಿನೊಳಗೆ, ಅರ್ಧ ರಸ್ತೆಯಲ್ಲಿ ಮಲಗಿತು. ಮಾರನೆಯ ಬೆಳಿಗ್ಗೆ ವಾಣಿಶ್ರೀ ಅದನ್ನು ಸುತ್ತುವರಿದೇ ರಂಗೋಲಿ ಹಾಕಬೇಕಾಯಿತು. ಎದುರು ಮನೆಯ ಅಕ್ಕನಾಗಮ್ಮ ಕಟ್ಟೆಯ ಮೇಲೆ ನಿಂತು ಮೂಗಿಗೆ ಸೆರಗು ಹಿಡಿದು ಕೇಳಿದರು: "ಏನ್ ವಾಣಿ, ಈ ಸಲ ಮಳಿ ಅಷ್ಟು ಜೋರಾಗಿ ಬರ್ತೈತಂತಾ?"

ಮೂಗಿಗೆ ಸೆರಗು ಹಿಡಿದದ್ದರಲ್ಲಿ ತಪ್ಪಿರಲಿಲ್ಲ. ಮೊಟ್ಟೆಯ ಹೆಸರನ್ನೂ ಪಿಸುಮಾತಿನಲ್ಲಿ ಹೇಳುವ ಓಣಿ ಅದು. ಬೋಟಿನೊಳಗೆ ಹತ್ತು ವರ್ಷದ ಮೀನಿನ ವಾಸನೆ ಕಾಯಂ ವಾಸಕ್ಕಿತ್ತು. ವಾಣಿಶ್ರೀ ಸೀರೆ ಮೇಲೆತ್ತಿ ಕಟ್ಟಿ, ಬೋಟಿನೊಳಗಿಳಿದು, ವಾಷಿಂಗ್ ಸೋಡಾ ಹಾಕಿ ತೆಂಗಿನ ನಾರಿನಲ್ಲಿ ಎರಡು ತಾಸು ತಿಕ್ಕಿದಳು. ಬಕ್ಕೇಶಪ್ಪ ಅಂಗಡಿಯಲ್ಲಿ ಕೂತು ಆಳವಾದ ಯೋಚನೆ ಮಾಡುತ್ತಿದ್ದ.

ಮಷಿನ್ನಿನ ಪೆಟ್ಟಿಗೆಯಲ್ಲಿ ಒಂದು ಮಡಿಸಿದ ಕಾಗದವಿತ್ತು. ಮೂವತ್ತು ವರ್ಷದ ಅನುಭವವಿರುವ ಮೆಕ್ಯಾನಿಕ್ ಕಾಗದ ಓದುವುದು ಮರ್ಯಾದೆಯ ಪ್ರಶ್ನೆ. ಅದು ನೇರವಾಗಿ ಕಸದ ಬುಟ್ಟಿಗೆ ಹೋಗಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡುವವಳು ವಾಣಿಶ್ರೀಯಾದ್ದರಿಂದ ಅದು ಅವಳ ಕೈಗೆ ಬಂತು. ಇಂಗ್ಲಿಷು ಅರ್ಧ ತಿಳಿಯಿತು, ಚಿತ್ರಗಳು ಪೂರ್ತಿ ತಿಳಿದವು. ಅಂಟಿಸುವ ಮೊದಲು ತಳವನ್ನು ಚೆನ್ನಾಗಿ ತೊಳೆದಿರಬೇಕು ಎಂದಿತ್ತು. (ಯಾರು ತೊಳೆಯಬೇಕು ಎಂದು ಮಾತ್ರ ಬರೆದಿರಲಿಲ್ಲ.) ಇನ್ನೊಂದು ಚಿತ್ರದಲ್ಲಿ ಬಿಲ್ಲೆ, ಅದರ ಕೆಳಗೆ ಅಂಟು, ಅಂಟಿನೊಳಗೆ ಸಣ್ಣ ಸಣ್ಣ ಗುಳ್ಳೆಗಳು, ಗುಳ್ಳೆಗಳ ಮೇಲೆ ಅಡ್ಡಡ್ಡ ಹೊಡೆದ ದೊಡ್ಡ ಕಾಟು. ಅಂದರೆ ಗಾಳಿ ಇರಕೂಡದು. ಶಬ್ದ ನೀರು ದಾಟುತ್ತದೆ, ಫೈಬರ್ ದಾಟುತ್ತದೆ, ಗಾಳಿಯ ಗುಳ್ಳೆ ಸಿಕ್ಕರೆ ಅಲ್ಲೇ ಕೂತುಬಿಡುತ್ತದೆ.

ಅಷ್ಟರಲ್ಲಿ ಹೊರಗೆ ಬಕ್ಕೇಶಪ್ಪ ಎರಡು ಟ್ಯೂಬಿನ ಅಂಟನ್ನು ಅವಳ ಸ್ಟೀಲ್ ಬೋಗುಣಿಗೆ ಸುರಿದು, ಅವಳ ಮಜ್ಜಿಗೆ ಕಡಗೋಲಿನಿಂದ ಕಡೆಯುತ್ತಿದ್ದ. ಭರಭರ ಭರಭರ. ಅಂಟು ನೊರೆ ನೊರೆಯಾಗಿ ಉಬ್ಬಿ ಬರುತ್ತಿತ್ತು. ಇಡ್ಲಿ ಹಿಟ್ಟಾಗಿದ್ದರೆ ಬಲು ಒಳ್ಳೆಯ ಹಿಟ್ಟು.

ಹೇಳಲೇ ಎಂದು ವಾಣಿಶ್ರೀಯ ನಾಲಿಗೆ ತುದಿಗೆ ಬಂತು. ಅರವತ್ತು ರೊಟ್ಟಿ ಕಣ್ಣ ಮುಂದೆ ಸುಳಿದವು. ಹೇಳಿದರೆ, "ಹಂಗಾದ್ರೆ ನೀನೇ ಮಾಡು" ಎನ್ನುತ್ತಾನೆ. ಮಾಡಿದರೆ ಚೆನ್ನಾಗಿ ಆಗಿಬಿಡುತ್ತದೆ. ಚೆನ್ನಾಗಿ ಆದರೆ ಹನ್ನೊಂದು ಬೋಟು! ಅವಳು ತುಟಿ ಬಿಗಿಹಿಡಿದು ಕೇಳಿದ್ದು ಇಷ್ಟೇ: "ನನ್ನ ಕಡಗೋಲು ಯಾಕ?"

"ಸೈನ್ಸ್ ವಾಣಿ. ಚೆಂದಾಗಿ ಬೆರೀಬೇಕು."

ಬೆರೆಯಿತು. ಸಂಜೆಯ ಹೊತ್ತಿಗೆ ಬಿಲ್ಲೆ ಬೋಟಿಗೆ ಅಂಟಿತ್ತು. ಉಳಿದ ಅಂಟಿನಲ್ಲಿ ಬೋಗುಣಿ, ಕಡಗೋಲು ಎರಡೂ ಐಕ್ಯವಾಗಿದ್ದವು.

ಶನಿವಾರ ಹರಿಹರದಲ್ಲಿ ಪರೀಕ್ಷೆ. ಬೋಟು ಟೆಂಪೊದಲ್ಲಿ, ಅದರ ಹಿಂದೆ ಸ್ಕೂಟರಿನಲ್ಲಿ ಗಂಡ ಹೆಂಡತಿ. ದಾರಿಯಲ್ಲಿ ಸಿಗುವ ಬಾತಿ ಊರು ದಾಟುವವರೆಗೂ ಬಕ್ಕೇಶಪ್ಪ ಸಿಳ್ಳೆ ಹಾಕುತ್ತಿದ್ದ. ವಾಣಿಶ್ರೀ ತೊಡೆಯ ಮೇಲೆ ಬುತ್ತಿಯ ಚೀಲ ಇಟ್ಟುಕೊಂಡು, ಬಾಯಲ್ಲಿ ಗುಳ್ಳೆಯ ಗುಟ್ಟು ಇಟ್ಟುಕೊಂಡು ಕೂತಿದ್ದಳು.

ದಡದಲ್ಲಿ ಸಂಘದವರೆಲ್ಲ ನೆರೆದಿದ್ದರು. ತಿಮ್ಮವ್ವ ಇಬ್ಬರನ್ನೂ ಬೋಟಿಗೆ ಹತ್ತಿಸಿಕೊಂಡು ಹೊಳೆಯ ನಡುವಿಗೆ ಹುಟ್ಟು ಹಾಕುತ್ತ ಮಾತಿಗಿಳಿದಳು. "ಅಗಾ, ಆ ಕಡೀ ಓಣ್ಯಾಗೇ ಇತ್ತು ನೋಡು ತಂಗಿ, ನಿನ್ನ ಗಂಡನ ರೂಮು. ನಾನು ಬುಟ್ಟಿ ಹೊತ್ಕೊಂಡು ಹಾಯ್ದು ಹೋದ್ರೆ ಅಲ್ಲಿಂದ ಏನ್ ಘಮಘಮ ವಾಸ್ನೆ..."

"ತಿಮ್ಮವ್ವ, ಮುಂದ್ ನೋಡಿ ಹುಟ್ಟು ಹಾಕು! ಕಲ್ಲೈತೆ!" ಬಕ್ಕೇಶಪ್ಪ ಕಿರುಚಿದ.

ಕಲ್ಲೇನೂ ಇರಲಿಲ್ಲ. ಅವನು ಗಡಬಡಿಸಿ ಮಷಿನ್ನಿನ ಗುಂಡಿ ಒತ್ತಿದ. ಪರದೆ ಬೆಳಗಿತು. ಹೊಳೆಯ ಆಳ ತೋರಿಸಬೇಕಾದ ಕಡೆ ಎರಡು ಗೀಟು ಕಂಡವು. ಗೀಟು ಗೀಟಾಗಿಯೇ ಉಳಿದವು. ಆರಿಸಿ ಹಾಕಿದ, ಹಾಕಿ ಆರಿಸಿದ, ಮೂರನೆಯ ಸಲ ಟೀವಿಗೆ ಕೊಡುವಂತೆ ನೆತ್ತಿಗೆ ಒಂದು ತಟ್ಟಿದ. ಎರಡು ಗೀಟು.

"ಬಕ್ಕೇಶಣ್ಣಾ, ಯಾವ ಚಾನಲ್ ಬರ್ತೈತೆ?" ದಡದಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅವನ ಕಿವಿ ಕೆಂಪಾದವು. "ಮಷಿನ್ ಸರಿ ಐತೆ. ಈ ಬೋಟಿನ ತಳಾನೇ ಸರಿ ಇಲ್ಲ" ಎಂದ.

"ಏನಂದಿ? ನನ್ನ ಗಂಡ ನಿಂತು ಮಾಡಿಸಿದ ಬೋಟಿದು!"

"ತಳ ದಪ್ಪ ಐತೆ ತಿಮ್ಮವ್ವ. ಒಂದೇ ಒಂದು ಸಣ್ಣ ತೂತು ಹಾಕಿ ಬಿಲ್ಲೇನ ಹೊರಗಿಳಿಸಿದ್ರೆ..." ಎನ್ನುತ್ತ ಅವನು ಚೀಲದಿಂದ ಡ್ರಿಲ್ ಹೊರತೆಗೆದ. ತಿಮ್ಮವ್ವ ಹುಟ್ಟನ್ನು ನೀರಿನಿಂದ ಎತ್ತಿ ಅವನ ತಲೆಯ ಅಂದಾಜು ಹಿಡಿದಳು.

ಗುರುವಾರ ಹತ್ತಿದ್ದ ಅವನ ಮುಖದ ದೀಪ ಆರುತ್ತ ಬಂದಿತ್ತು. ವಾಣಿಶ್ರೀ ನೋಡಿದ್ದು ಹುಟ್ಟನ್ನಲ್ಲ, ಆ ಮುಖವನ್ನು. ನಾಳೆಯಿಂದ ಮತ್ತೆ ಒಂಬತ್ತಕ್ಕೆ ರೇಡಿಯೊ, ಹನ್ನೊಂದಕ್ಕೆ ಅದೇ ರೇಡಿಯೊ. ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ವ್ರತವನ್ನು ಅವಳು ನಡುಹೊಳೆಯಲ್ಲಿ ಮುರಿದಳು.

"ಬೋಟು ಸರಿ ಐತ್ರಿ. ಮಷಿನ್ನೂ ಸರಿ ಐತೆ. ಅಂಟಿನಾಗೆ ಗಾಳಿ ಐತೆ. ಆ ಬಿಲ್ಲೆ ಕಿತ್ತು ಇಲ್ಲಿ ಕೊಡ್ರಿ."

ಉಳಿಯಿಂದ ಒಂದು ತಟ್ಟಿದ್ದಕ್ಕೇ ಬಿಲ್ಲೆ ಕಿತ್ತು ಬಂತು. ಅಡಿಯ ಅಂಟು ಜೇನುಗೂಡಿನಂತೆ ತೂತು ತೂತಾಗಿತ್ತು. ವಾಣಿಶ್ರೀ ಬುತ್ತಿಯ ಚೀಲದಿಂದ ಒಂದು ಖಾಲಿ ಹಾಲಿನ ಪಾಕೀಟು ತೆಗೆದಳು. (ಅವಳು ಹಾಲಿನ ಪಾಕೀಟುಗಳನ್ನು ತೊಳೆದು, ಅಡಿಗೆಮನೆಯ ಗೋಡೆಗೆ ಅಂಟಿಸಿ ಒಣಗಿಸಿ, ಹಾಸಿಗೆಯ ಕೆಳಗೆ ಕೂಡಿಡುವುದನ್ನು ಬಕ್ಕೇಶಪ್ಪ "ನಮ್ಮನಿ ಖಜಾನೆ" ಎಂದು ನೆಂಟರೆದುರು ಹಾಸ್ಯ ಮಾಡುತ್ತಿದ್ದ.) ಅದಕ್ಕೆ ಹೊಳೆಯ ನೀರು ತುಂಬಿ, ಬಿಲ್ಲೆಯನ್ನು ಒಳಗಿಳಿಸಿ, ಉಪ್ಪಿನಕಾಯಿ ಕಟ್ಟುವಾಗ ಮಾಡುವಂತೆ ಬೆರಳಿನಿಂದ ಹಿಸುಕಿ ಹಿಸುಕಿ ಗಾಳಿಯನ್ನೆಲ್ಲ ಹೊರದಬ್ಬಿ, ಬಾಯಿ ಬಿಗಿದು ಕಟ್ಟಿದಳು. ತಳಕ್ಕೆ ಒಂದು ಬೊಗಸೆ ನೀರು ಚೆಲ್ಲಿ ಅದರ ಮೇಲೆ ಪಾಕೀಟು ಒತ್ತಿ ಹಿಡಿದಳು.

ಎರಡು ಗೀಟು ಹೋದವು. ಒಂಬತ್ತು ಅಡಿ ಎಂದು ಪರದೆ ಹೇಳಿತು. ತಿಮ್ಮವ್ವ ಗಳ ಇಳಿಸಿ ಅಳೆದಳು. ಒಂಬತ್ತೇ. ಅಷ್ಟರಲ್ಲಿ ಬಾಳೆಹಣ್ಣಿನಂತೆ ಬಾಗಿದ ಮೂರು ಗೆರೆಗಳು ಪರದೆಯ ಮೇಲೆ ಮೆಲ್ಲಗೆ ಸರಿದು ಹೋದವು.

"ಅಯ್ಯೋ ನನ್ನವ್ವನ! ಮೀನು!" ತಿಮ್ಮವ್ವ ಹುಟ್ಟು ಬಿಟ್ಟು ಚಪ್ಪಾಳೆ ಹೊಡೆದಳು.

ಪಾಕೀಟು ಪರೀಕ್ಷೆಗಾಯಿತು, ಬಾಳಿಕೆಗಲ್ಲ. ಬೋಟು ಮತ್ತೆ ದಾವಣಗೆರೆಗೆ ಬಂತು. ಭಾನುವಾರ ಬೆಳಿಗ್ಗೆ ಬಕ್ಕೇಶಪ್ಪ ಹೊಸ ಅಂಟಿನ ಟ್ಯೂಬುಗಳನ್ನು ತಂದು ಹೆಂಡತಿಯ ಮುಂದಿಟ್ಟು, "ನಿನ್ನ ಕೈಯಾಗೆ ಗಾಳಿ ನಿಲ್ಲಂಗಿಲ್ಲ ವಾಣಿ. ಹಂಗಾದ್ರೆ ನೀನೇ ಮಾಡು" ಎಂದ. ಅವಳು ಎಣಿಸಿದ್ದ ಮಾತೇ ಬಂದಿತ್ತು. ಅಕ್ಷರವೂ ಹೆಚ್ಚು ಕಡಿಮೆ ಇರಲಿಲ್ಲ.

ಅವಳು ಹಳೆಯ ಅಂಟು ಕೆರೆದು, ಉಜ್ಜು ಕಾಗದದಿಂದ ನಯ ಮಾಡಿ, ಹೊಸ ಅಂಟನ್ನು ಪಾಕದ ಹದ ನೋಡುವಂತೆ ಮೆಲ್ಲಗೆ, ಒಂದೇ ದಿಕ್ಕಿಗೆ ತಿರುವಿ, ಬಿಲ್ಲೆಯನ್ನು ಅದರ ಮೇಲಿಟ್ಟು ತಿರುಚುತ್ತ ಒತ್ತಿದಳು. ಕೊನೆಯ ಗುಳ್ಳೆ ಪಕ್ಕಕ್ಕೆ ಬಂದು ಒಡೆಯಿತು. ತಳ ಇಳಿಜಾರಾದ್ದರಿಂದ ಕಲ್ಲು ಹೇರಿದರೆ ಬಿಲ್ಲೆ ಜಾರುತ್ತಿತ್ತು. ಅಂಟು ಬಿಗಿಯುವವರೆಗೆ ಎರಡು ಕೈಯಲ್ಲೂ ಒತ್ತಿ ಹಿಡಿಯಬೇಕು. ಒಂದು ತಾಸು. ಅಲ್ಲಾಡುವಂತಿಲ್ಲ.

ಆಗಲೇ ಗಂಟೆ ಹನ್ನೆರಡೂವರೆ. ಬೋಟಿನೊಳಗೆ ಕೂತವಳಿಗೆ ಥಟ್ಟನೆ ನೆನಪಾಯಿತು. "ರೀ! ಒಲಿ ಮ್ಯಾಲೆ ಏನೂ ಇಟ್ಟಿಲ್ಲ. ಹೋಟ್ಲಿಂದ ಏನಾರ ತರ್ರಿ."

ಬಕ್ಕೇಶಪ್ಪ ಬಿಸಿಲಲ್ಲಿ ಬೆವರುತ್ತಿದ್ದ ಅವಳ ಮುಖ ನೋಡಿದ. ಅವಳ ಕೈ ನೋಡಿದ. ಒಳಗಿನಿಂದ ಕೊಡೆ ತಂದು ಅವಳ ಬೆನ್ನಿಗೆ ಆನಿಸಿ ಬಿಚ್ಚಿಟ್ಟ. ಹೋಟೆಲಿನ ಕಡೆ ಹೋಗದೆ ಒಳಗೆ ಹೋದ.

ನಡುರಸ್ತೆಯ ಬೋಟಿನಲ್ಲಿ ಕೊಡೆಯ ಕೆಳಗೆ ಕೂತ ವಾಣಿಶ್ರೀಯನ್ನು ನೋಡಿ ಅಕ್ಕನಾಗಮ್ಮ, "ಎಲ್ಲೀಗೆ ಹೊಂಟಿ?" ಎಂದರು. "ಶ್ರೀಶೈಲಕ್ಕೆ. ಬರ್ತೀರೇನು?" ಎಂದಳು ಇವಳು.

ಅಷ್ಟರಲ್ಲಿ ಅಡಿಗೆಮನೆಯ ಕಿಟಕಿಯಿಂದ ಒಂದು ಸದ್ದು ಬಂತು. ಶೇಂಗಾ ಹುರಿಯುವ ಸದ್ದು. ಆಮೇಲೆ ಎಳ್ಳಿನ ಚಟಪಟ. ಒಣಕೊಬ್ಬರಿಯ ಕಂಪು. ಸಣ್ಣ ಉರಿಯಲ್ಲಿ ಎಣ್ಣೆ ಬಿಡುತ್ತಿರುವ ಬದನೆಕಾಯಿಯ ವಾಸನೆ ಗೇಟು ದಾಟಿ ಬೋಟಿನೊಳಗಿಳಿಯಿತು. ಮೀನಿನ ವಾಸನೆಗಿಂತ ಜೋರಾಗಿತ್ತು. ಅವಳ ಕೈ ಬಿಲ್ಲೆಯ ಮೇಲಿತ್ತು, ಕಣ್ಣು ಕಿಟಕಿಯ ಮೇಲಿತ್ತು. ತಿಮ್ಮವ್ವ ಹೊಳೆಯಲ್ಲಿ ಅರ್ಧಕ್ಕೆ ನಿಲ್ಲಿಸಿದ ಮಾತಿನ ಉಳಿದರ್ಧ ಈಗ ಕಿಟಕಿಯಿಂದ ಬರುತ್ತಿತ್ತು.

ಮುಕ್ಕಾಲು ತಾಸಿಗೆ ಬಕ್ಕೇಶಪ್ಪ ತಟ್ಟೆ ಹಿಡಿದು ಬಂದು ಬೋಟಿನ ಅಂಚಿನ ಮೇಲೆ ಕೂತ. ನಿನ್ನೆಯ ರೊಟ್ಟಿ, ಇಂದಿನ ಎಣ್ಣೆಗಾಯಿ. ಅವಳ ಕೈ ಬಿಡುವಿಲ್ಲದ್ದರಿಂದ ರೊಟ್ಟಿ ಮುರಿದು, ಅದ್ದಿ, ಊದಿ ಆರಿಸಿ, ಅವಳ ಬಾಯಿಗಿಟ್ಟ. ಹೊಗೆಯಾಡುವ ಬಿಸಿ ತುತ್ತು. ಬಿಸಿ ಊಟ ಎಲ್ಲರಿಗೂ ಬಡಿಸಿ ಆರಿದ್ದನ್ನು ಉಂಡ ಬಾಯಿಗೆ ಅದು ಸುಟ್ಟಿತು. ಸುಟ್ಟದ್ದಕ್ಕೋ ಏನೋ ಕಣ್ಣಲ್ಲಿ ನೀರು ಬಂತು.

"ಉಪ್ಪು ಸರಿ ಐತಾ?" ಅವನು ಕೇಳಿದ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ಅಡಿಗೆ ಬಾರದವನು ಕೇಳುವ ಪ್ರಶ್ನೆಯಲ್ಲ ಅದು.

"ರೀ. ಆವತ್ತಿನ ಉಪ್ಪಿಟ್ಟು?"

ಬಕ್ಕೇಶಪ್ಪ ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳಿದ. "ಅದು... ಬೇಕಂತಲೇ ವಾಣಿ. ರೂಮಿನಾಗೆ ನಾಕ್ ಮಂದೀಗೆ ಆರು ವರ್ಷ ಬೇಯಿಸಿದ್ದೆ. ಮೊದ್ಲ ದಿನ ಒಂದಿಷ್ಟು ಚೆಂದ ಮಾಡಿದ್ದಕ್ಕೆ ಆರು ವರ್ಷ ನಂದೇ ಪಾಳಿ. ಅವಾಗ್ಲೇ ತಿಳೀತು, ಒಮ್ಮೆ ಚೆನ್ನಾಗಿ ಮಾಡಿದ್ರೆ..."

"ಜನ್ಮಕ್ಕೆ ಅಂಟ್ಕೊಂತೈತೆ" ಎಂದು ವಾಣಿಶ್ರೀ ಮುಗಿಸಿದಳು. ಅವಳ ಮಹಾಸತ್ಯ! ಈ ಮನುಷ್ಯ ಅದನ್ನು ಅವಳಿಗಿಂತ ಆರು ವರ್ಷ ಮೊದಲೇ ಕಂಡುಹಿಡಿದಿದ್ದ. ಏನನ್ನಾದರೂ ಎತ್ತಿ ಎಸೆಯಬೇಕೆನಿಸಿತು. ಬೋಗುಣಿ ಕಡಗೋಲು ಎರಡೂ ಒಂದಾಗಿ ಕೈಗೆಟುಕುವಲ್ಲೇ ಇದ್ದವು. ಆದರೆ ಕೈ ಎತ್ತುವಂತಿಲ್ಲ. ತಿಮ್ಮವ್ವನ ಹೊಟ್ಟೆಪಾಡು ಅವಳ ಎರಡು ಹೆಬ್ಬೆರಳಿನ ಕೆಳಗಿತ್ತು.

"ನೀನೇನ್ ಕಮ್ಮಿ ಇಲ್ಲ ಬಿಡು" ಎಂದ ಅವನು ಮೆಲ್ಲಗೆ. "ರೆಗ್ಯುಲೇಟರ್ ಹಾಕೋದು ನಾನು ಇದೇ ಕಿಟಕಿಯಿಂದ ನೋಡೀನಿ. ಹನ್ನೆರಡು ವರ್ಷ ಆತು."

"ನಂದು ತಿಂಗಳಿಗೊಂದು ಸಿಲಿಂಡರ್ರು! ನಿಮ್ದು ದಿನಕ್ಕೆ ಮೂರು ಹೊತ್ತಿನ ಊಟ! ಮೂವತ್ತೊಂದು ವರ್ಷ! ಎರಡೂ ಒಂದೇ ಏನ್ರಿ?"

"ಒಂದೇ ಅಲ್ಲ" ಎಂದ ಬಕ್ಕೇಶಪ್ಪ. ಇನ್ನೊಂದು ತುತ್ತು ಮುರಿದ. ಅವಳು ಬಾಯಿ ಬಿಗಿಹಿಡಿದಳು. ಅವನು ತುತ್ತು ಹಿಡಿದುಕೊಂಡೇ ಕೂತ. ಎಣ್ಣೆ ಅವನ ಮೊಣಕೈವರೆಗೆ ಇಳಿಯಿತು. ಎಣ್ಣೆಗಾಯಿ ಬಲು ರುಚಿಯಾಗಿತ್ತು, ಹಸಿವೂ ಇತ್ತು. ಅವಳು ಬಾಯಿ ತೆರೆದಳು. ಅಂಟು ಗಟ್ಟಿಯಾಗುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ಹರಿಹರದಲ್ಲಿ ಪರದೆ ಆಳ ತೋರಿಸಿತು, ಮೀನು ತೋರಿಸಿತು, ತಳದ ಕಲ್ಲನ್ನೂ ತೋರಿಸಿತು. ಸಂಘದವರು ಮುತ್ತಿಕೊಂಡರು. "ಬಕ್ಕೇಶಣ್ಣ, ಮಷಿನ್ ತರಿಸ್ತೀವಿ, ನಮಗೂ ಅಂಟಿಸಿಕೊಡು!"

ಅವನು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಎದೆಯುಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ವೈರಿನ ಕೆಲಸ ನಂದು. ಅಂಟಿಸಿದ್ದು ನಮ್ಮ ವಾಣಿಶ್ರೀ. ಒಂದು ಗುಳ್ಳೆ ತೋರಿಸ್ರಿ ನೋಡಾಣ!"

"ಅಂಟಿಸೋದಂದ್ರೆ ಇನ್ನ ಇವಳ ಕೈಯಾಂದೇ" ಎಂದು ತಿಮ್ಮವ್ವ ಸಾರಿದಳು.

ಈ ಮಾತಿನ ಅರ್ಥ ಸಭೆಯಲ್ಲಿ ವಾಣಿಶ್ರೀಯೊಬ್ಬಳಿಗೇ ತಿಳಿಯಿತು. ನೇಮಕಾತಿ ಆದೇಶ, ಎರಡನೆಯದು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು: "ಆಗ್ಲಿ, ಅಂಟಿಸ್ತೀನಿ. ಆದ್ರೆ ಅಂಟಿಸೋ ದಿನ ನಾನು ಕೈ ಎತ್ತಂಗಿಲ್ಲ. ಅಡಿಗೆ ಇವರದ್ದು. ಭಾಳ ಚಲೋ ಮಾಡ್ತಾರೆ."

ಮೊದಲ ಬೋಟಿನ ದಿನ ಪುಂಡಿಪಲ್ಲೆ. ಎರಡನೆಯ ದಿನ ಹೆಸರುಕಾಳಿನ ಪಲ್ಯ, ಮಜ್ಜಿಗೆ ಸಾರು. ಮೂರನೆಯ ಬೋಟಿನ ದಿನ ಬಕ್ಕೇಶಪ್ಪ ಉಪ್ಪಿಟ್ಟು ಮಾಡಿದ. ಬೋಟಿನಲ್ಲಿ ಕೂತ ವಾಣಿಶ್ರೀಗೆ ಮೊದಲ ತುತ್ತು ಬಾಯಿಗಿಟ್ಟು, ತಲೆ ತಗ್ಗಿಸಿ, ಓರೆಗಣ್ಣಿನಿಂದ ಅವಳ ಮುಖ ನೋಡುತ್ತ ಕೂತ.

ಉಪ್ಪು! ಮೂವತ್ತೊಂದು ವರ್ಷದ ಹಿಂದಿನ ಅದೇ ಉಪ್ಪು. ನಾಲಿಗೆ ಸುರುಟಿತು, ಕಿವಿಯಲ್ಲಿ ಗುಂಯ್ ಎಂದಿತು. ವಾಣಿಶ್ರೀ ನಿಧಾನವಾಗಿ ಅಗಿದಳು. ನುಂಗಿದಳು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಆಹಾ, ಉಪ್ಪಿಟ್ಟು ಅಂದ್ರೆ ನಿಮ್ಮ ಕೈಯಾಂದು ನೋಡ್ರಿ" ಎಂದಳು. "ಇನ್ನಷ್ಟು ಹಾಕ್ರಿ. ಎದುರುಮನಿ ಅಕ್ಕನಾಗಮ್ಮಾರಿಗೂ ಒಂದು ತಟ್ಟೆ ಕೊಟ್ಟು ಬರ್ರಿ."

ಬಕ್ಕೇಶಪ್ಪ ತಟ್ಟೆಯನ್ನು ಎದೆಗವಚಿಕೊಂಡು ಒಳಗೆ ಓಡಿದ. ನಾಲ್ಕನೆಯ ಬೋಟಿನ ದಿನದಿಂದ ಉಪ್ಪು ಮತ್ತೆ ಹದಕ್ಕೆ ಬಂತು. ಉಪ್ಪಿಟ್ಟು ತಿಂದ ಆ ದಿನ ಸಂಜೆಯವರೆಗೆ ವಾಣಿಶ್ರೀ ಒಂದು ಬಿಂದಿಗೆ ನೀರು ಒಬ್ಬಳೇ ಕುಡಿದದ್ದು ಮಾತ್ರ ಕೆ.ಬಿ. ಬಡಾವಣೆಯಲ್ಲಿ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.